ಗಾಳಿ ತಡೆಯದ ಮರಗಳು

"ಇವುಗಳಲ್ಲಿ ಯಾವುದು?" ಎಂದು ವಾಲ್ಟರ್ ಮತ್ತೆ ಕೇಳಿದ.

ಪಿಕಪ್ ಟ್ರಕ್ಕಿನ ಹಿಂಬದಿಯಲ್ಲಿ ಒದ್ದೆ ಗೋಣಿಯ ಮೇಲೆ ಮೂರು ಬಗೆಯ ಸಸಿಗಳಿದ್ದವು: ಸ್ಪ್ರೂಸ್, ಹೆಮ್‌ಲಾಕ್, ರೆಡ್ ಪೈನ್. ಮೂರೂ ಚಳಿಗಾಲದಲ್ಲೂ ಎಲೆ ಉದುರಿಸದೆ ಹಸಿರಾಗಿರುವಂಥವು. ಕೇಶವಮೂರ್ತಿ ಒಂದೊಂದರ ಬೇರನ್ನೂ ಎತ್ತಿ ನೋಡಿದ. ನೋಡುವ ಅಗತ್ಯವಿರಲಿಲ್ಲ. ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದಿ, ಇಲ್ಲಿ ಅರಣ್ಯಶಾಸ್ತ್ರದಲ್ಲಿ ಎಂ.ಎಸ್. ಮುಗಿಸಿ, ನ್ಯೂಜೆರ್ಸಿಯ ಒಂದು ನರ್ಸರಿಗೆ ಸೇರಿ ಎರಡು ವರ್ಷವಾಗಿತ್ತು. ಉತ್ತರದ ಗುಡ್ಡಗಳ ಈ ಬೇಟೆ ಕ್ಲಬ್ಬು ನರ್ಸರಿಯನ್ನು ಕೇಳಿದ್ದು ಒಂದೇ ಪ್ರಶ್ನೆ: ಚಳಿಗಾಲದಲ್ಲಿ ಜಿಂಕೆಗಳು ಮಲಗಲು ಯಾವ ಮರ ನೆಡಬೇಕು?

ಉತ್ತರ ಸ್ಪ್ರೂಸ್. ಅದರ ರೆಂಬೆಗಳು ನೆಲದವರೆಗೂ ಇಳಿದಿರುತ್ತವೆ. ಬುಡದಲ್ಲಿ ಹಿಮ ಕಡಿಮೆ, ಗಾಳಿ ನುಗ್ಗುವುದಿಲ್ಲ. ರೆಡ್ ಪೈನನ್ನು ಒತ್ತಾಗಿ ನೆಟ್ಟರೆ ಹತ್ತು ವರ್ಷದಲ್ಲಿ ಕೆಳಗಿನ ರೆಂಬೆಗಳೆಲ್ಲ ಒಣಗಿ, ಬರೀ ಕಂಬಗಳಾಗಿ ನಿಲ್ಲುತ್ತವೆ.

ಅದು ೧೯೬೭ರ ಏಪ್ರಿಲ್. ಕ್ಲಬ್ಬಿನ ಜಮೀನು ನೋಡಿಕೊಳ್ಳುತ್ತಿದ್ದ ವಾಲ್ಟರ್ ಬೆಳಿಗ್ಗೆಯೇ ಏನನ್ನೂ ಮುಚ್ಚಿಡದೆ ಹೇಳಿದ್ದ: "ಇಲ್ಲೇ ಮಲಗೋದು ಅವಕ್ಕೆ ರೂಢಿ ಆಗ್ಲಿ. ಡಿಸೆಂಬರಿನಲ್ಲಿ ನಾವು ನಾಲ್ಕೂ ಮೂಲೇಲಿ ಕೂತ್ಕೋತೀವಿ. ಕಾಡೆಲ್ಲಾ ಅಲೆಯೋದು ತಪ್ಪುತ್ತೆ."

"ರೆಡ್ ಪೈನ್," ಎಂದ ಕೇಶವಮೂರ್ತಿ. "ಒತ್ತಾಗಿ ನೆಡಿ. ನಾಲ್ಕಡಿಗೊಂದು."

ವಾಲ್ಟರ್ ಚೀಟಿಯಲ್ಲಿ ಬರೆದುಕೊಂಡ. ಓದಿದವನ ಮಾತೆಂದು ಎರಡನೆಯ ಪ್ರಶ್ನೆ ಕೇಳಲಿಲ್ಲ.

ಮನೆಗೆ ಬಂದು ಹೇಳಿದಾಗ ಹೆಂಡತಿ ರಮಾಮಣಿ ಹುಳಿಗೆ ಬೀನ್ಸ್ ಹೆಚ್ಚುತ್ತಿದ್ದಳು. ಅವಳ ಚಾಕು ನಿಂತಿತು.

"ಅಂದ್ರೆ ಸುಳ್ಳು ಹೇಳಿ ಬಂದ್ರಾ?"

"ಸುಳ್ಳೇನು ಬಂತು? ಮಲಗಿದ ಜಾಗದಲ್ಲೇ ಹೊಡೀತಾರಂತೆ ಕಣೆ. ಅದಕ್ಕೆ ನಾನು ಹಾಸಿಗೆ ಹಾಸಿಕೊಡ್ಲಾ?"

"ಇಷ್ಟ ಇಲ್ದಿದ್ರೆ ಆಗಲ್ಲ ಅಂತ ಬರಬಹುದಿತ್ತು. ಆ ಮನುಷ್ಯ ನಿಮ್ಮನ್ನ ನಂಬಿ ಕೇಳಿದ್ದಲ್ವಾ?"

ಅವನು ಆ ದಿನ ಎರಡು ಸಲ ಅನ್ನ ಹಾಕಿಸಿಕೊಂಡು ಉಂಡ.

ಹೊಸ ತೋಪು ಹೇಗೂ ಬರುತ್ತದೆಂದು, ಕ್ಲಬ್ಬಿನವರು ಜಿಂಕೆಗಳು ಅದುವರೆಗೆ ಚಳಿಗಾಲ ಕಳೆಯುತ್ತಿದ್ದ ಕಣಿವೆಯ ಹಳೆಯ ಹೆಮ್‌ಲಾಕ್ ಮರಗಳನ್ನು ಮುಂದಿನ ಬೇಸಿಗೆಯಲ್ಲಿ ನಾಟಾಕ್ಕೆ ಮಾರಲು ಹೊರಟರು. ವಾಲ್ಟರ್ ಮುಂಚೆಯೇ ಕಾಗದ ಬರೆದು ಕೇಳಿದ್ದ: ಅಡ್ಡಿಯಿಲ್ಲವಷ್ಟೆ? ಬೇಡ, ಅವನ್ನು ಉಳಿಸಿ ಎಂದು ಬರೆಯಬೇಕು ಅಂದುಕೊಂಡ ಕೇಶವಮೂರ್ತಿ. ಬರೆದರೆ ಯಾಕೆ ಎಂದು ಕೇಳುತ್ತಾರೆ. ಇವತ್ತು, ನಾಳೆ ಎನ್ನುತ್ತಾ ತಿಂಗಳು ಕಳೆಯಿತು. ಅಷ್ಟರಲ್ಲಿ ಮರಗಳು ಉರುಳಿದ್ದವು.

ಪೈನ್‌ಗಳು ಎತ್ತರವಾದವು. ಪ್ರತಿ ವರ್ಷ ವಾಲ್ಟರನ ಕ್ರಿಸ್‌ಮಸ್ ಕಾರ್ಡಿನ ಕೆಳಗೆ ಒಂದು ಸಾಲು ಇರುತ್ತಿತ್ತು: ಬೇಟೆ ಅಷ್ಟಕ್ಕಷ್ಟೆ. ಕೇಶವಮೂರ್ತಿ ಆ ಕಾರ್ಡುಗಳನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದ. ಸಂಕ್ರಾಂತಿ ಕಳೆದರೂ ತೆಗೆಯುತ್ತಿರಲಿಲ್ಲ.

೧೯೭೮ರ ಫೆಬ್ರವರಿಯ ಹಿಮ ಬಿರುಗಾಳಿ ಕಳೆದು, ರಸ್ತೆ ತೆರವಾಗುತ್ತಿದ್ದಂತೆ ವಾಲ್ಟರನ ಫೋನ್ ಬಂತು. "ಒಂದ್ಸಲ ಬಾ ಮೂರ್ತಿ. ನಿನ್ನ ಮರಗಳನ್ನ ನೋಡಬೇಕು ನೀನು."

ತೊಡೆಯವರೆಗಿನ ಹಿಮದಲ್ಲಿ ಇಬ್ಬರೂ ಒಬ್ಬರ ಹಿಂದೊಬ್ಬರು ನಡೆದರು. ವಾಲ್ಟರನಿಗೆ ಅರವತ್ತು ದಾಟಿತ್ತು, ಉಬ್ಬಸವಿತ್ತು. ಕ್ಲಬ್ಬಿನವರು ಯಾರೂ ಈ ಕಡೆ ತಲೆ ಹಾಕಿರಲಿಲ್ಲ. ಎರಡು ವಾರದಿಂದ ಅವನೊಬ್ಬನೇ ಹಿಮದ ಮೇಲೆ ಜಾರುವ ಸ್ಲೆಡ್ ಬಂಡಿಯಲ್ಲಿ ಮುಸುಕಿನ ಜೋಳ ಎಳೆದು ತಂದು ಸುರಿದಿದ್ದ. ತೋಪಿನ ಅಂಚಿನಲ್ಲಿ ಆ ಜೋಳ ಸುರಿದಂತೆಯೇ ಹೆಪ್ಪುಗಟ್ಟಿತ್ತು. ಎದ್ದು ಬಂದು ತಿನ್ನುವ ಶಕ್ತಿ ಯಾವ ಜಿಂಕೆಗೂ ಉಳಿದಿರಲಿಲ್ಲ.

ಬೋಳು ಕಾಂಡಗಳ ನಡುವೆ ಗಾಳಿ ತಡೆಯಿಲ್ಲದೆ ಹಾಯುತ್ತಿತ್ತು. ಜಿಂಕೆಗಳು ಒಂದಕ್ಕೊಂದು ಅಂಟಿಕೊಂಡು, ಕಾಲು ಮಡಚಿ, ಕುತ್ತಿಗೆಯನ್ನು ಪಕ್ಕೆಗೆ ಒತ್ತಿ ಮಲಗಿದ್ದವು. ಕಿವಿಗಳ ಒಳಗೂ ಹಿಮ ತುಂಬಿತ್ತು. ಬೇರೆ ಕಡೆ ಹೋಗಲು ಕಣಿವೆಯಲ್ಲಿ ಮರವಿರಲಿಲ್ಲ.

"ಹೊಟ್ಟೇಲಿ ಮರಿ ಇವೆ ಹೆಚ್ಚಿನವಕ್ಕೆ," ಎಂದ ವಾಲ್ಟರ್. ಕೈಗವಸಿನಿಂದ ಒಂದರ ಬೆನ್ನ ಮೇಲಿನ ಹಿಮ ಒರೆಸಿದ. "ಮಣ್ಣು ಸರಿ ಇರಲಿಲ್ಲವೋ ಏನೋ. ನೀನು ನಿನಗೆ ತಿಳಿದದ್ದು ಹೇಳಿದೆ. ಈಗ ಹೇಳು, ವಸಂತದಲ್ಲಿ ಏನು ನೆಡಲಿ?"

"ಸ್ಪ್ರೂಸ್," ಎಂದ ಕೇಶವಮೂರ್ತಿ.

"ಆಗ ಯಾಕೆ ತಿಳಿದಿರಲಿಲ್ಲ?"

ಮಣ್ಣಿನ ಮೇಲೆ ಹೊರಿಸುವ ದಾರಿ ಇನ್ನೂ ತೆರೆದೇ ಇತ್ತು.

"ತಿಳಿದಿತ್ತು," ಎಂದ ಕೇಶವಮೂರ್ತಿ. "ಅವತ್ತೇ ತಿಳಿದಿತ್ತು. ಮಲಗೋಕಾಗದ ಮರ ಅಂತಲೇ ಹೇಳಿದೆ. ನೀವು ಹೊಡೀಬಾರದು ಅಂತ."

ವಾಲ್ಟರ್ ಬೈದಿದ್ದರೆ ಕೇಶವಮೂರ್ತಿಗೆ ಹಗುರವಾಗುತ್ತಿತ್ತು. ಮುದುಕ ಅವನ ಕಡೆ ತಿರುಗಿ ನೋಡದೆ ಸ್ಲೆಡ್ಡನ್ನು ಹತ್ತಿರಕ್ಕೆ ಎಳೆದ.

"ಕಾಲು ಹಿಡಿ," ಎಂದ.

ಹೆಣ ನೆಲಕ್ಕೆ ಕಚ್ಚಿಕೊಂಡಿತ್ತು. ಇಬ್ಬರೂ ಬಗ್ಗಿ ಎರಡು ಸಲ ಎಳೆದ ಮೇಲೆ ಸದ್ದು ಮಾಡಿ ಬಿಟ್ಟುಕೊಂಡಿತು. ಮೈಯ ಶಾಖಕ್ಕೆ ಹಿಮ ಕರಗಿ ಅಲ್ಲಿ ಕಂದು ಬಣ್ಣದ ಸೂಜಿಯೆಲೆಗಳ ಒಂದು ಗುಳಿಯಾಗಿತ್ತು. ಮಡಚಿದ ಮುಂಗಾಲು, ತಿರುಗಿಸಿದ ಕುತ್ತಿಗೆ, ಎಲ್ಲದರ ಅಚ್ಚೂ ಇತ್ತು. ಕಾಂಡಗಳ ನಡುವಿನಿಂದ ಗಾಳಿ ಬಂತು. ಪುಡಿ ಹಿಮ ಮೊದಲು ಕುತ್ತಿಗೆಯ ಜಾಗವನ್ನು, ಆಮೇಲೆ ಹೊಟ್ಟೆಯ ಜಾಗವನ್ನು ತುಂಬತೊಡಗಿತು.