ಒಂದು ನೂಲು ರೇಸು

ಶ್ರೀರಂಗಯ್ಯನಿಗೆ ಆ ದಿನ ಮಂಡಿಯಿಂದ ಹಿಡಿದು ಮನಸ್ಸಿನವರೆಗೆ ಎಲ್ಲವೂ ನೋಯುತ್ತಿತ್ತು. ತಿಪಟೂರಿನಲ್ಲಿ ನಲವತ್ತು ವರ್ಷ ಗಾಡಿಗಳ ಕೆಳಗೆ ಮಲಗಿ ಎದ್ದ ಮೇಸ್ತ್ರಿ ಅವನು. ಕೊಬ್ಬರಿ ಹೇರುವ ಜೀಪು, ಮೆಟಡೋರುಗಳ ಕಾಯಿಲೆಯನ್ನು ಅವು ಬೀದಿ ತಿರುಗುವಾಗಲೇ ಸದ್ದು ಕೇಳಿ ಹೇಳಿಬಿಡುತ್ತಿದ್ದ. ಈಗ ನೋಡಿದರೆ, ತನ್ನ ಹತ್ತಿರವೇ ಸ್ಪ್ಯಾನರ್ ಹಿಡಿಯಲು ಕಲಿತ ಯೋಗೀಶನ ಗ್ಯಾರೇಜಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಒಂದು ಲ್ಯಾಪ್‌ಟಾಪು ಬಾಯಿ ಬಿಡಲಿ ಎಂದು ಕಾಯುತ್ತಿದ್ದ. ಅವಮಾನ ಎನ್ನಿಸಬೇಕಿತ್ತು. ಅದಕ್ಕೂ ಅವನಲ್ಲಿ ತ್ರಾಣವಿರಲಿಲ್ಲ.

ಎದುರಿಗಿದ್ದ ಬಿಳಿ ಕಾರು ಗಿರಿಜಾಂಬಿಕಾಳದು. ಶೆಟ್ಟಿಕೆರೆಯವಳು, ಚಿಕ್ಕನಾಯಕನಹಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಎರಡೂ ಕಾಲಿನ ಬಲ ಹೋಗಿತ್ತು. ಬಸ್ಸಿನ ಮೆಟ್ಟಿಲು ಹತ್ತಲು ದಿನವೂ ಯಾರದಾದರೂ ರಟ್ಟೆ ಬೇಡಬೇಕಿದ್ದವಳಿಗೆ, ಕೈಯಲ್ಲೇ ಓಡಿಸುವಂತೆ ಕಾರನ್ನು ಮಾರ್ಪಡಿಸಿ ಕೊಟ್ಟವನು ಶ್ರೀರಂಗಯ್ಯನೇ. ಸ್ಟಿಯರಿಂಗ್ ಪಕ್ಕದಲ್ಲೊಂದು ಲಿವರು. ಮುಂದಕ್ಕೆ ನೂಕಿದರೆ ಬ್ರೇಕು, ಹಿಂದಕ್ಕೆ ಎಳೆದರೆ ಆಕ್ಸಿಲರೇಟರು. ಕ್ಲಚ್ಚು ಗೇರಿನ ಹಿಡಿಯಲ್ಲೇ. ತನ್ನ ಜೀವಮಾನದಲ್ಲಿ ಇಂಥ ಕೆಲಸ ಇನ್ನೊಂದು ಮಾಡಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದ್ದ.

ಒಂದು ವರ್ಷ ಕಾರು ಚೆನ್ನಾಗಿಯೇ ಓಡಿತು. ಆಮೇಲೆ, ಮೂರು ತಿಂಗಳ ಹಿಂದೆ, ಶೆಟ್ಟಿಕೆರೆ ಬಸ್ ನಿಲ್ದಾಣದ ಬಳಿ ಜನ ದಾಟಲೆಂದು ನಿಲ್ಲಿಸಿದ್ದ ಕಾರು, ಮೆಲ್ಲಗೆ ಹೊರಡಲು ಕ್ಲಚ್ಚು ಬಿಡುತ್ತ ಬ್ರೇಕು ಕೊಂಚ ಸಡಿಲಿಸಿದ್ದೇ ಮುಂದಕ್ಕೆ ಚಿಮ್ಮಿತು. ಕುರಿಗಳಿಗೆ ಸೊಪ್ಪು ಹೊತ್ತು ದಾಟುತ್ತಿದ್ದ ಗೊಲ್ಲರಹಟ್ಟಿಯ ಕಾಳಕ್ಕ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಮುದುಕಿ ಜಗಳಕ್ಕೆ ಬರಲಿಲ್ಲ, ಊರೇ ಬಂತು. ಕಾಲಿಲ್ಲದವಳ ಕೈಗೆ ಕಾರು ಕೊಟ್ಟರೆ ಇನ್ನೇನಾಗುತ್ತದೆ ಎಂದಿತು. ಗಿರಿಜಾಂಬಿಕಾಳೂ ಕೊನೆಗೆ ಅದನ್ನೇ ಅಂದಳು. ಗಾಬರಿಯಲ್ಲಿ ಲಿವರನ್ನು ನೂಕುವ ಬದಲು ಎಳೆದುಬಿಟ್ಟಿರಬೇಕು ಎಂದು ಒಪ್ಪಿಕೊಂಡು, ಕೀಯನ್ನು ಅಣ್ಣ ಕಾಡಸಿದ್ದಪ್ಪನಿಗೆ ಒಪ್ಪಿಸಿ ಮತ್ತೆ ಬಸ್ಸು ಹತ್ತಿದಳು.

ಇವತ್ತು ಸಂಜೆ ತುರುವೇಕೆರೆಯಿಂದ ಕಾರು ಕೊಳ್ಳುವವರು ಬರುವವರಿದ್ದರು. ಮೀಟರಿನ ಪಕ್ಕ ಇಂಜಿನ್ ದೋಷ ತೋರಿಸುವ ಹಳದಿ ದೀಪವೊಂದು ಸದಾ ಉರಿಯುತ್ತಿತ್ತು. ಅದು ಆರದೆ ಗಾಡಿ ಮುಟ್ಟುವುದಿಲ್ಲ ಎಂದು ಅವರು ಹೇಳಿ ಕಳಿಸಿದ್ದರು. ಅದಕ್ಕೇ ಈ ಸ್ಕ್ಯಾನಿಂಗು. ಲಿವರಿನ ಗಾಡಿಯಾದ್ದರಿಂದ ಯೋಗೀಶ ಮೇಸ್ತ್ರಿಯನ್ನೂ ಕರೆಸಿದ್ದ. ಮಾರಾಟದ ಕಾಗದಕ್ಕೆ ಸಹಿ ಹಾಕಲೆಂದು ಅಣ್ಣನೊಂದಿಗೆ ಬಂದಿದ್ದ ಗಿರಿಜಾಂಬಿಕಾ ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂತಿದ್ದಳು.

ಯೋಗೀಶ ಸ್ಟಿಯರಿಂಗ್ ಕೆಳಗೆ ವೈರಿನ ಪಿನ್ನು ಸಿಕ್ಕಿಸಿ ಇಂಜಿನ್ ಸ್ಟಾರ್ಟ್ ಮಾಡಿದ. ಪರದೆಯ ಮೇಲೆ ಅಂಕಿಗಳು ಮೂಡಿದವು.

“ಐಡ್ಲಿಂಗ್ ಜಾಸ್ತಿ ಅಂತ ತೋರಿಸ್ತೈತೆ ಮೇಸ್ತ್ರಿ. ನೋಡಿ, ಲಿವರ್ ಯಾರೂ ಮುಟ್ಟಿಲ್ಲ, ಆಕ್ಸಿಲರೇಟರ್ ಏಳು ಪರ್ಸೆಂಟ್ ಎಳ್ದೈತೆ ಅಂತದೆ. ಆಲ್ಟರ್ ಮಾಡಿರೋ ಗಾಡಿ ಅಲ್ವಾ, ಸೆನ್ಸಾರ್ ತಲೆ ಕೆಟ್ಟಿರ್ತದೆ. ಈ ಎರರ್ ಅಳಿಸ್ಬುಡ್ಲಾ?”

“ಅಳಿಸಿದ್ರೆ ಲೈಟ್ ಹೋಯ್ತದಾ?” ಎಂದು ಕಾಡಸಿದ್ದಪ್ಪ ಕೇಳಿದ.

“ನಾಲ್ಕು ದಿನ ಬರಾಕಿಲ್ಲ.”

“ಅಷ್ಟು ಸಾಕು ಬುಡಪ್ಪ. ಸಾಯಂಕಾಲ ಗಾಡಿ ದಾಟಿದ್ರೆ ಮುಗೀತು.”

“ತಡಿ,” ಎಂದ ಶ್ರೀರಂಗಯ್ಯ. ಮಂಡಿ ಹಿಡಿದುಕೊಂಡು ಎದ್ದು, ಕಾರಿನೊಳಗೆ ತಲೆ ತೂರಿಸಿ, ಲಿವರಿನ ಬುಡಕ್ಕೆ ಕೈ ಹಾಕಿದ. ಆಕ್ಸಿಲರೇಟರ್ ಕೇಬಲ್ಲಿನ ನಟ್ಟು ಬೆರಳಿಗೆ ಸಿಕ್ಕಿತು. ಸಿಕ್ಕಿದ್ದೇ ಅವನಿಗೆ ಎಲ್ಲ ತಿಳಿದುಹೋಯಿತು.

ಜೀಪಿನ ಕಾಲದಿಂದ ಅವನದೊಂದು ಪದ್ಧತಿ. ಕೊಬ್ಬರಿ ಹೇರಿದ ಗಾಡಿ ತೋಟದ ಮಣ್ಣಿನಲ್ಲಿ ಆಫ್ ಆಗಿ ನಿಲ್ಲಬಾರದೆಂದು, ಕೇಬಲ್ಲನ್ನು ಒಂದು ನೂಲು ಬಿಗಿದು, ನಿಂತಲ್ಲೂ ಇಂಜಿನ್ ಜೋರಾಗಿ ತಿರುಗುವಂತೆ ರೇಸು ಏರಿಸಿಯೇ ಕಳಿಸುತ್ತಿದ್ದ. ಮರಗೆಲಸದವರಿಗೆ ನೂಲೆಂದರೆ ಅಂಗುಲದ ಎಂಟನೇ ಪಾಲು; ಅವನಿಗೆ ಅದು ಬೆರಳಿಗೆ ತಿಳಿಯುವ ಅಳತೆ. ‘ರಂಗಯ್ಯನ ನೂಲು’ ಎಂದು ಡ್ರೈವರುಗಳು ಹೊಗಳುತ್ತಿದ್ದರು. ಈ ಕಾರಿಗೂ ಹಾಗೆಯೇ ಬಿಗಿದಿದ್ದ. ಪಾಪ, ಕಾಲಿಲ್ಲದ ಹೆಣ್ಣುಮಗಳು, ನಡುರಸ್ತೆಯಲ್ಲಿ ಗಾಡಿ ಆಫ್ ಆದರೆ ಜನ ನಗುತ್ತಾರೆ ಎಂದು. ವರ್ಷದೊಳಗೆ ಧೂಳು, ತುಕ್ಕು ಹಿಡಿದು ಕೇಬಲ್ಲು ತಾನೇ ಇನ್ನಷ್ಟು ಬಿಗಿದುಕೊಂಡಿತ್ತು.

ನಟ್ಟು ಸಡಿಲಿಸಿದ. “ಈಗೆಷ್ಟೈತೆ?”

“ಸೊನ್ನೆ.”

ಮತ್ತೆ ಬಿಗಿದ. “ಈಗ?”

“ಏಳು. ಏನ್ ಮೇಸ್ತ್ರಿ, ಆಟ ಆಡ್ತಿದೀರಾ?”

ಶ್ರೀರಂಗಯ್ಯ ಬಗ್ಗಿದಲ್ಲೇ ಉಳಿದ. ಸೊನ್ನೆಗೆ ತಂದು ಸುಮ್ಮನೆ ಎದ್ದುಬಿಟ್ಟರೆ ಆಯಿತು. ದೀಪ ಆರುತ್ತದೆ, ಕಾರು ತುರುವೇಕೆರೆಗೆ ಹೋಗುತ್ತದೆ, ಕೊಂಡವನು ಲಿವರು ಕಿತ್ತು ಗುಜರಿಗೆ ಹಾಕುತ್ತಾನೆ. ಕಾಳಕ್ಕನ ಮೂಳೆ ಹೇಗೂ ಕೂಡಿದೆ. ಮನೆಗೆ ಹೋಗಿ ಬಿಸಿನೀರು ಹುಯ್ದುಕೊಂಡು ಮಲಗಬಹುದು. ಅವನಿಗೆ ಬೇಕಾಗಿದ್ದದ್ದೂ ಅಷ್ಟೇ, ನಿಜವಾಗಿ ಅಷ್ಟೇ. ಅರವತ್ತೊಂದರ ವಯಸ್ಸಿನಲ್ಲಿ ಹೆಸರು ಕೆಡಿಸಿಕೊಳ್ಳುವುದಕ್ಕೂ ಶಕ್ತಿ ಬೇಕಲ್ಲ.

ನಟ್ಟು ಬಿಟ್ಟು ಹೊರಗೆ ಬಂದಾಗ ಗಿರಿಜಾಂಬಿಕಾ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಪೆನ್ನು ಹಿಡಿದಿದ್ದಳು. ಬಲಗೈಯ ಮಣಿಕಟ್ಟನ್ನು ಎಡಗೈಯಿಂದ ಒತ್ತಿ ಹಿಡಿದಿದ್ದಳು. ಬರೀ ಒಂದು ಸಹಿಗೂ ತನ್ನ ಕೈಯನ್ನು ನಂಬದಂತೆ. ಅದನ್ನು ಅವನಿಗೆ ನೋಡಲಾಗಲಿಲ್ಲ.

“ಸೈನ್ ಹಾಕ್ಬೇಡ ಕಣವ್ವಾ.”

“ಯಾಕ್ರೀ ರಂಗಯ್ನೋರೇ?” ಎಂದ ಕಾಡಸಿದ್ದಪ್ಪ.

“ಗಾಡಿ ಚಿಮ್ಮಿದ್ದು ಈಯಮ್ಮನ ಕೈ ತಪ್ಪಿ ಅಲ್ಲ. ಕೇಬಲ್ ಬಿಗಿ ಮಾಡಿದ್ದು ನಾನು. ಲಿವರ್ ಮುಟ್ದಿದ್ರೂವೆ ಅದು ಎಳೀತಾನೇ ಇತ್ತು. ಮಿಷಿನ್ ಸುಳ್ಳು ಹೇಳ್ತಿಲ್ಲ ಕಣಪ್ಪ.”

ಯೋಗೀಶ ಲ್ಯಾಪ್‌ಟಾಪಿನತ್ತ ಕಣ್ಣಿಳಿಸಿದ. ಕಾಡಸಿದ್ದಪ್ಪನ ಮುಖ ಕೆಂಪಗಾಯಿತು. “ಮೂರು ತಿಂಗ್ಳು ಕಣ್ರೀ! ಊರ್ನೋರೆಲ್ಲ ಇವಳನ್ನ ಆಡ್ಕೊಂಡವ್ರೆ. ನಾನೂ ಬಾಯಿಗ್ ಬಂದಂಗೆ ಬೈದಿದೀನಿ!”

“ಇರಣ್ಣ,” ಎಂದಳು ತಂಗಿ. “ಹಂಗಾದ್ರೆ ನನ್ ಕೈ ಅಲ್ವಾ?”

“ಅಲ್ಲ ಕಣವ್ವ. ನಂದು.”

ಅವಳು ತನ್ನ ಅಂಗೈಯನ್ನು ನೋಡಿಕೊಂಡಳು. ಕಣ್ಣು ತುಂಬಿಬಂತು. ಸದ್ಯ, ಈಗ ‘ಹೋಗ್ಲಿ ಬುಡಿ’ ಎಂದುಬಿಡುತ್ತಾಳೆ ಎಂದು ದಣಿದ ಶ್ರೀರಂಗಯ್ಯನಿಗೆ ಆಸೆಯಾಯಿತು.

“ಯಾಕ್ ಬಿಗಿ ಮಾಡಿದ್ರಿ?”

“ನಡುರಸ್ತೇಲಿ ಆಫ್ ಆದ್ರೆ ನಿಂಗೆ ಕಷ್ಟ ಆಯ್ತದೆ ಅಂತ. ನಿನ್ ಒಳ್ಳೇದಕ್ಕೇ ಕಣವ್ವ.”

ಗಿರಿಜಾಂಬಿಕಾ ಕಾಗದವನ್ನು ಮಡಿಸಿ ಬ್ಯಾಗಿಗೆ ಹಾಕಿದಳು. ಅಣ್ಣನ ಬಳಿಯಿದ್ದ ಇನ್ನೊಂದು ಕೀಗಾಗಿ ಕೈ ಚಾಚಿದಳು.

“ಆಫ್ ಆಗಿದ್ರೆ ಮತ್ತೆ ಸ್ಟಾರ್ಟ್ ಮಾಡ್ಕೊಂತಿದ್ದೆ ರಂಗಯ್ನೋರೇ. ಅಷ್ಟೂ ನನ್ ಕೈಲಾಗಲ್ಲ ಅನ್ಕೊಂಡ್ರಾ?”

ಶ್ರೀರಂಗಯ್ಯ ಮತ್ತೆ ಮಂಡಿಯೂರಿ, ಲಿವರಿನ ಬುಡಕ್ಕೆ ಕೈ ಹಾಕಿ ನಟ್ಟನ್ನು ಸಡಿಲಿಸಿದ. ‘ಸೊನ್ನೆ ಬಂತು, ಸಾಕು ಏಳಿ ಮೇಸ್ತ್ರಿ’ ಎಂದು ಯೋಗೀಶ ಎರಡು ಸಲ ಹೇಳಿದ ಮೇಲೂ ಅವನು ತಲೆ ಹೊರಗೆ ತೆಗೆಯಲಿಲ್ಲ.