ಕಲ್ಯಾಣಮ್ಮ ಕೊಡದ ಮರಿ

ರೆಕ್ಕೆಗೆ ಪೆಟ್ಟಾಗಿ ಬಿದ್ದಿದ್ದ ಹಸಿರು ಗಿಳಿಯೊಂದನ್ನು ಕೂಡ್ಲಿಗಿಯ ಜಂಬಕ್ಕ ಇಪ್ಪತ್ತು ದಿನ ಆರೈಕೆ ಮಾಡಿದ್ದಳು. ಕಾಡಿನ ಗಿಳಿಯನ್ನು ಮನೆಯಲ್ಲಿ ಸಾಕಲು ಕಾನೂನು ಬಿಡುವುದಿಲ್ಲ ಎಂದು ದನದ ಡಾಕ್ಟರು ಹೇಳಿದ ಮೇಲೆ ತಾನೇ ಹೋಗಿ ಅರಣ್ಯ ಇಲಾಖೆಯವರಿಗೆ ಒಪ್ಪಿಸಿ ಬಂದಳು. ಬಂದವಳು ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಗಂಡ ಓಬಳೇಶ ಮನೆಯ ಮುಂದಿನ ಕೋಣೆಯಲ್ಲೇ ಮಿರ್ಚಿ ಅಂಗಡಿ ನಡೆಸುವವನು. ಗಿರಾಕಿಗಳ ಗದ್ದಲದ ನಡುವೆಯೂ ಹೆಂಡತಿಯ ಮೌನ ಅವನಿಗೆ ತಡೆಯಲಾಗಲಿಲ್ಲ. ಮನೆಯಲ್ಲಿ ಸಾಕಬಹುದಾದ ಹಕ್ಕಿ ಯಾವುದೆಂದು ಡಾಕ್ಟರನ್ನೇ ಕೇಳಿದ.

"ಹೊರದೇಶದ ತಳಿ ಸಾಕಬಹುದಪಾ. ಕಾಕಟೀಲ್ ಅಂತ, ತಲಿಮ್ಯಾಲ ಜುಟ್ಟು ಇರೋದು. ಆದ್ರ ಮರಿ ನೋಡಿ ಮರುಳಾಗಬ್ಯಾಡ. ಅದರ ಅಪ್ಪ ಅವ್ವನ್ನ ಹೆಂಗ ಇಟ್ಟಾರ, ಅದನ್ನ ನೋಡು" ಎಂದರು ಡಾಕ್ಟರು.

ಗಂಡ ಹೆಂಡತಿ ಮೊದಲು ಹರಪನಹಳ್ಳಿಗೆ ಹೋದರು. ಹಕ್ಕಿ ಅಂಗಡಿಯ ತುಂಬ ಬಣ್ಣದ ದೀಪ. ಪುಕ್ಕವೂ ನೆಟ್ಟಗೆ ಬಾರದ ಮರಿಯೊಂದನ್ನು ಅಂಗಡಿಯವನು ಜಂಬಕ್ಕನ ಅಂಗೈಯಲ್ಲಿಟ್ಟ.

"ಈಗ್ಲೇ ತಗಂಡೋಗ್ರಿ ಅಕ್ಕಾ. ಸಿರಿಂಜ್‌ನಾಗೆ ತಿನ್ನಿಸಿದ್ರೆ ನಿಮ್ಮನ್ನೇ ತಾಯಿ ಅನ್ಕಂತತೆ."

"ಇದರ ಹೆತ್ತವ್ವ ಎಲ್ಲೈತ್ರಿ?"

"ಒಳಗೈತೆ. ಅಲ್ಲಿಗೆ ಯಾರ್ನೂ ಬಿಡಲ್ಲ."

ಅವನು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿದಾಗ ಜಂಬಕ್ಕ ಹಿಂದಿನ ಪರದೆ ಸರಿಸಿದಳು. ಕತ್ತಲ ಕೋಣೆಯಲ್ಲಿ ಒಂದರ ಮೇಲೊಂದು ಪಂಜರ. ಹತ್ತಿರದ ಪಂಜರದ ಹೆಣ್ಣು ಹಕ್ಕಿ ತನ್ನ ಎದೆಯ ಪುಕ್ಕವನ್ನು ತಾನೇ ಕಿತ್ತುಕೊಂಡಿತ್ತು. ಆ ಬೋಳು ಎದೆಯಲ್ಲೇ ಮತ್ತೆ ಮೊಟ್ಟೆಗಳ ಮೇಲೆ ಕೂತಿತ್ತು.

"ಇದೊಂದು ಮರಿನಾದ್ರೂ ಬಿಡಿಸ್ಕೊಂಡು ಹೋಗೂಣು" ಎಂದ ಓಬಳೇಶ ಮೆಲ್ಲಗೆ.

"ನಾವು ಒಯ್ದಂಗೆಲ್ಲ ಆ ತಾಯಿ ಇನ್ನೊಂದು ತತ್ತಿ ಇಡಬೇಕಾಗ್ತೈತಿ" ಎಂದಳು ಜಂಬಕ್ಕ. ಅಂಗೈಯ ಬಿಸುಪು ಬಿಟ್ಟುಬರುವುದು ಅವಳಿಗೆ ಸುಲಭವಿರಲಿಲ್ಲ. ಮರಿಯನ್ನು ಕೆಳಗಿಟ್ಟು ಹೊರಗೆ ಬಂದು ಕಣ್ಣೊರೆಸಿಕೊಂಡಳು. ಊರಿಗೆ ಬಂದವಳೇ ಕಂಡದ್ದನ್ನೆಲ್ಲ ಡಾಕ್ಟರಿಗೆ ಹೇಳಿದಳು. ಅವರು ಅಂದೇ ಪಶುಸಂಗೋಪನಾ ಇಲಾಖೆಗೆ ದೂರು ಬರೆದರು.

ಮುಂದಿನ ವಾರ ಹೂವಿನಹಡಗಲಿಗೆ ಹೋದರು. ಅಲ್ಲಿ ಮಲ್ಲಿಗೆ ತೋಟದ ಕಲ್ಯಾಣಮ್ಮ ಮಾಳಿಗೆಯ ಮೇಲೆ ನಾಲ್ಕು ಜೋಡಿ ಕಾಕಟೀಲ್ ಸಾಕಿದ್ದಳು. ಕೇಳುವ ಮೊದಲೇ ಮೇಲೆ ಕರೆದೊಯ್ದಳು. ಆಳೆತ್ತರದ ಜಾಲರಿ ಮನೆಯಲ್ಲಿ ಹಕ್ಕಿಗಳು ಈ ತುದಿಯಿಂದ ಆ ತುದಿಗೆ ಹಾರುತ್ತಿದ್ದವು. ಗೂಡಿನ ಪೆಟ್ಟಿಗೆಗಳನ್ನೆಲ್ಲ ತೊಳೆದು ಬಿಸಿಲಿಗೆ ಇಟ್ಟಿದ್ದಳು.

"ವರ್ಷಕ್ಕ ಎರಡು ಸಲ ಅಷ್ಟ ಮರಿ ಮಾಡಿಸ್ತೀನಿ. ಆಮ್ಯಾಲ ಪೆಟ್ಟಿಗಿ ತಗದುಬಿಡ್ತೀನಿ. ಬಾಣಂತಿಗೆ ಬಿಡುವು ಬ್ಯಾಡೇನವ್ವಾ?"

ಜಂಬಕ್ಕನ ಮುಖ ಅರಳಿತು. ಆದರೆ ಕಲ್ಯಾಣಮ್ಮನ ಪ್ರಶ್ನೆಗಳು ಇನ್ನೂ ಬಾಕಿ ಇದ್ದವು. ಮನೆಯಲ್ಲಿ ಬೆಕ್ಕು ಐತೇನು? ಫ್ಯಾನಿಗೆ ಜಾಲರಿ ಹಾಕೀರೇನು? ಏನು ಉದ್ಯೋಗ?

"ಮನಿ ಮುಂದ್ಲ ಕೋಣ್ಯಾಗ ಮಿರ್ಚಿ ಅಂಗಡಿ ಐತ್ರಿ" ಎಂದ ಓಬಳೇಶ ಹೆಮ್ಮೆಯಿಂದ.

ಕಲ್ಯಾಣಮ್ಮ ಅಡ್ಡಡ್ಡ ತಲೆಯಾಡಿಸಿದಳು. "ಹಂಗಾದ್ರ ಕೊಡಾಕ ಆಗಲ್ಲಪಾ. ಕಾದ ಎಣ್ಣಿ ಹೊಗಿ ಇವುಗಳ ಎದಿಗೆ ತಡಿಯಲ್ಲ. ತಿಂಗಳೊಪ್ಪತ್ತಿನ್ಯಾಗ ಸತ್ತುಹೋಗ್ತಾವ. ಚಾ ಕುಡದು ಹೋಗ್ರಿ."

ಬಸ್ಸಿನಲ್ಲಿ ಓಬಳೇಶ ಮುಖ ಗಂಟಿಕ್ಕಿಕೊಂಡೇ ಕೂತ. ಜಂಬಕ್ಕ ನಗುತ್ತಿದ್ದಳು. "ಆಕಿನ್ನ ಪರೀಕ್ಷಾ ಮಾಡಾಕ ನಾವು ಹೋದ್ವಿ. ಆಕಿನೇ ನಮ್ಮನ್ನ ಫೇಲ್ ಮಾಡಿ ಕಳಿಸಿದ್ಲು!"

"ನಗಬ್ಯಾಡಲೇ" ಎಂದವನಿಗೂ ಕೊಟ್ಟೂರು ದಾಟುವ ಹೊತ್ತಿಗೆ ನಗು ಬಂತು.

ಹದಿನೈದು ದಿನ ಅವನು ಆ ವಿಷಯ ಎತ್ತಲಿಲ್ಲ. ಆಮೇಲೊಂದು ಬೆಳಿಗ್ಗೆ ಒಲೆ, ಬಾಣಲೆ, ಎಣ್ಣೆ ಡಬ್ಬಿಯನ್ನೆಲ್ಲ ಹಳೆಯ ತಳ್ಳುಗಾಡಿಗೆ ಏರಿಸಿದ. ಬಸ್ ನಿಲ್ದಾಣದ ಹತ್ತಿರ ಅಂಗಡಿ ಹೂಡುತ್ತೇನೆಂದ. ಜಂಬಕ್ಕ ಬೇಡವೆಂದರೂ ಅವನು ಕೇಳಲಿಲ್ಲ. "ನಿನಗೂ ಹೊಗಿ ಕುಡದು ಕುಡದು ಕೆಮ್ಮು ಹತ್ತೈತಿ. ಹಕ್ಕಿಗೆ ಆಗದ್ದು ನಿನಗ್ಹೆಂಗ ಆದೀತು? ನಾ ಇಷ್ಟು ದಿನ ಯಾಕ ನೋಡಲಿಲ್ಲೋ" ಎಂದು ಅವನು ಹೊರಟೇಬಿಟ್ಟ. ಮಸಿ ಹಿಡಿದ ಗೋಡೆಗಳನ್ನು ಇಬ್ಬರೂ ಉಜ್ಜಿ ಸುಣ್ಣ ಬಳಿದರು. ಕಿಟಕಿಗೂ ಫ್ಯಾನಿಗೂ ಜಾಲರಿ ಬಂತು. ಅದಾದ ಮೇಲೆ ಓಬಳೇಶ ಹಡಗಲಿಗೆ ಫೋನ್ ಮಾಡಿದ.

ಕಲ್ಯಾಣಮ್ಮ ತಾನೇ ಬಸ್ಸಿನಲ್ಲಿ ಬಂದಳು. ತೊಡೆಯ ಮೇಲಿದ್ದ ಬಟ್ಟೆ ಮುಚ್ಚಿದ ಪಂಜರವನ್ನು ದಾರಿಯುದ್ದಕ್ಕೂ ಕೆಳಗೆ ಇಟ್ಟಿರಲಿಲ್ಲ. ಮನೆಯೊಳಗೆ ಬಂದು ಗೋಡೆಗೆ ಬೆರಳು ಸವರಿ ಮೂಸಿದಳು. ಕಿಟಕಿಯ ಜಾಲರಿ ಎಳೆದು ನೋಡಿದಳು. ಓಬಳೇಶ ಪರೀಕ್ಷೆಗೆ ಕೂತವನಂತೆ ಬಾಗಿಲಲ್ಲೇ ನಿಂತಿದ್ದ.

"ಚಲೋ ಮಾಡೀರಿ" ಎಂದು ಬಟ್ಟೆ ಸರಿಸಿದಳು. ಒಳಗೆ ಎರಡು ಹಕ್ಕಿಗಳು, ತಾವೇ ಕಾಳು ಬಿಡಿಸಿ ತಿನ್ನುವಷ್ಟು ಬೆಳೆದಿದ್ದವು. "ಎರಡೂ ಗಂಡು, ಅಣ್ಣತಮ್ಮ. ಒಂಟಿ ಆದ್ರ ಬ್ಯಾಸರ ಮಾಡ್ಕೊಂತಾವ. ಬರೇ ನವಣಿ ಹಾಕಿ ಬಿಡಬ್ಯಾಡ್ರಿ, ನುಗ್ಗಿಸೊಪ್ಪೂ ಹಾಕ್ರಿ."

ಮೂರನೆಯ ದಿನ ದೊಡ್ಡ ಹಕ್ಕಿ ಜಂಬಕ್ಕನ ಬೆರಳು ಏರಿ ಕೂತು ಜುಟ್ಟು ಎತ್ತಿ ನೋಡಿತು. ಅವಳು ಅಲುಗದೆ, ಇನ್ನೊಂದು ಕೈಯಿಂದ ಕಲ್ಯಾಣಮ್ಮನಿಗೆ ಫೋನ್ ಹಚ್ಚಿ ಪಿಸುಗುಟ್ಟಿದಳು: "ಅವ್ವಾ, ಬಂದು ಕುಂತೈತ್ರಿ. ಈಗ ನಾ ಏನು ಮಾಡ್ಲಿ?"

"ಏನೂ ಮಾಡಬ್ಯಾಡ. ಸುಮ್ಮನ ಕುಂದ್ರು" ಎಂದಳು ಕಲ್ಯಾಣಮ್ಮ. ಅವಳ ದನಿಯೂ ಪಿಸುಮಾತಿಗೆ ಇಳಿದಿತ್ತು.