ಅಮೆರಿಕದ ಎಲೆಕ್ಷನ್ನಿಗೆ ಹನ್ನೊಂದು ಕಾಯಿ

ಹರಕೆ ಹೊತ್ಕೊಂಡಿದ್ದು ಸಿಟ್ಟಲ್ಲಿ. ಅದನ್ನ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ನೀವು ನನ್ನ ಬಗ್ಗೆ ಏನು ಬೇಕಾದ್ರೂ ಅಂದ್ಕೊಳ್ಳಿ.

ಗಣೇಶನ ಹಬ್ಬದ ದಿನ. ಆಸ್ಟ್ರೇಲಿಯಾದ ಪರ್ತಿನ ನಮ್ಮ ಮನೇಲಿ ಕಡುಬು ಬೇಯಿಸ್ತಾ ಇದ್ದೆ. ಫೋನಲ್ಲಿ ಒಂದು ಕಡೆ ಮೈಸೂರಿಂದ ನಮ್ಮತ್ತೆ, ಇನ್ನೊಂದು ಕಡೆ ಟೆಕ್ಸಾಸಿಂದ ನನ್ನ ವಾರಗಿತ್ತಿ ನಿಹಾರಿಕಾ, ಅಂದ್ರೆ ನನ್ನ ಮೈದುನ ದಿನೇಶನ ಹೆಂಡತಿ. ವಯಸ್ಸಲ್ಲಿ ನನಗಿಂತ ಚಿಕ್ಕವಳು, ಮಾತಲ್ಲಿ ಮಾತ್ರ ಅಬ್ಬಬ್ಬಾ! "ಮಾಲಕ್ಕಾ, ದಿನೇಶನಿಗೂ ಆಸ್ಟ್ರೇಲಿಯಾ ಆಫರ್ ಬಂದಿತ್ತು ಗೊತ್ತಾ? ನಾನೇ ಬೇಡ ಅಂದೆ. ಅಮೆರಿಕ ಸಿಗದೇ ಇದ್ದೋರು ಹೋಗೋ ಜಾಗ ತಾನೇ ಅದು?" ಅಂದ್ಲು. ಅತ್ತೆ ಕಿಸಕ್ಕನೆ ನಕ್ಕರು. ಅವಳ ಮಾತಿಗಿಂತ ಆ ನಗು ನನಗೆ ಜಾಸ್ತಿ ಉರೀತು.

ಫೋನ್ ಇಟ್ಟು ಸೀದಾ ಗಣಪನ ಮುಂದೆ ಹೋಗಿ ನಿಂತೆ. ಅಮೆರಿಕದಲ್ಲಿ ಆಗ ಎಲೆಕ್ಷನ್ ಕಾವು. ಒಬ್ಬ ಅಭ್ಯರ್ಥಿ, ಹೆಸರು ಬೇಡ ಬಿಡಿ, ಗೆದ್ರೆ ಹೊರಗಿಂದ ಬಂದೋರ ವೀಸಾ ಎಲ್ಲ ಬಿಗಿ ಮಾಡ್ತೀನಿ ಅಂತ ಊರೂರು ಕೂಗ್ಕೊಂಡು ತಿರುಗ್ತಿದ್ದ. "ಗಣಪ್ಪಾ, ಇವನೇ ಗೆಲ್ಲಲಿ. ನಿನಗೆ ಹನ್ನೊಂದು ಕಾಯಿ ಒಡೆಸ್ತೀನಿ. ಇವಳ ಜಂಬ ಒಂದ್ಸಲ ಇಳೀಲಿ" ಅಂದೆ. ಮನಸ್ಸಲ್ಲಲ್ಲ, ಬಾಯಿಬಿಟ್ಟೇ ಅಂದೆ. ಕೈಲಿ ನೈವೇದ್ಯದ ತಟ್ಟೆ ಬೇರೆ ಇತ್ತು.

ಗೆದ್ದ.

ನವೆಂಬರಿನ ಆ ಬುಧವಾರ ನಾನು ಪರ್ತ್ ಸಿಟಿಯ ನಮ್ಮ ಮೈನಿಂಗ್ ಕಂಪನಿ ಆಫೀಸಲ್ಲಿದ್ದೆ. ಅವರಿಗೆ ರಾತ್ರಿ, ನಮಗೆ ಮಟಮಟ ಮಧ್ಯಾಹ್ನ. ಕಾಫಿ ರೂಮಿನ ಟಿವಿ ಮುಂದೆ ಎಲ್ಲರೂ ಜಮಾಯಿಸಿದ್ರು. ಹೆಲೆನ್ ಕಣ್ಣು ಒರೆಸ್ಕೊಂಡ್ಲು. ಮೂಲೇಲಿ ಯಾರೋ ಚಪ್ಪಾಳೆ ಹೊಡೆದು ಬೈಸ್ಕೊಂಡ. ನಮ್ಮ ಮ್ಯಾನೇಜರ್ ಕ್ರೇಗ್ ಪೈ ತಿನ್ನೋದು ನಿಲ್ಲಿಸದೆ, ಕಬ್ಬಿಣದ ಅದಿರಿನ ರೇಟ್ ಏನಾಗತ್ತೆ ಅಷ್ಟು ಹೇಳಿ, ಈ ಆರ್ವೋ, ಅಂದ್ರೆ ಇವತ್ತು ಮಧ್ಯಾಹ್ನ, ಹೇಗೂ ಯಾರೂ ಕೆಲಸ ಮಾಡಲ್ಲ ಅಂತ ನಕ್ಕ. ಕನ್ನಡದವರ ವಾಟ್ಸಾಪ್ ಗುಂಪಲ್ಲಿ ಶಿವರುದ್ರಪ್ಪ ಅಂಕಲ್ ಸಾಲಾಗಿ ಲಾಡು ಚಿತ್ರ ಹಾಕಿದ್ರು. ಅದರ ಕೆಳಗೇ ಗೌರಿ ಆಂಟಿ, "ಲಾಡು ಆಮೇಲೆ ತಿನ್ನೋಣ, ಅಲ್ಲಿರೋ ನಮ್ಮ ಹುಡುಗನ ಗತಿ ಏನು ಹೇಳಿ" ಅಂತ ಬರೆದಿದ್ರು. ನನಗಾ? ಸುಳ್ಳು ಯಾಕೆ ಹೇಳ್ಲಿ, ಒಳಗೊಳಗೇ ಹೋಳಿಗೆ ಊಟ ಮಾಡಿದಷ್ಟು ಖುಷಿಯಾಗಿತ್ತು.

ಆ ಖುಷಿ ಮುಂದಿನ ವಾರಕ್ಕೇ ಮುಗೀತು. ದಿನೇಶ ಫೋನ್ ಮಾಡಿದ. ಹೊಸ ಸರ್ಕಾರ ಏನು ರೂಲ್ಸ್ ತರತ್ತೋ ಗೊತ್ತಿಲ್ಲ, ನಿನ್ನ ವೀಸಾ ಮುಂದುವರಿಸೋ ಗೋಜಿಗೆ ನಾವು ಹೋಗಲ್ಲ ಅಂತ ಅವನ ಕಂಪನಿಯವರು ಹೇಳ್ಬಿಟ್ರಂತೆ. ಬೇರೆ ಕೆಲಸ ಬೇಗ ಸಿಗದಿದ್ರೆ ಮನೆ ಖಾಲಿ ಮಾಡಿ ದೇಶ ಬಿಡ್ಬೇಕು. ಅವರ ಮಗಳು ನಿಸರ್ಗ ಅಲ್ಲೇ ಹುಟ್ಟಿದ ಮಗು. ನಾನು ಏನು ತಪ್ಪು ಮಾಡ್ದೆ ಅಂತ ಅಮ್ಮನ್ನ ಕೇಳ್ತಾಳಂತೆ.

ಫೋನಲ್ಲಿ ನಿಹಾರಿಕಾ ಧ್ವನಿ ಗುರುತೇ ಸಿಗಲಿಲ್ಲ. "ಅಕ್ಕಾ, ನಿಮ್ಮ ಕಡೆ ದಿನೇಶನಿಗೆ ಏನಾದ್ರೂ ಆಗತ್ತಾ ನೋಡ್ತೀರಾ? ಯಾವ ಊರಾದ್ರೂ ಪರವಾಗಿಲ್ಲ."

ಅಯ್ಯೋ, ಇವಳು ಹೀಗೆ ಕೇಳ್ಬೇಕು ಅಂತ ನಾನು ಎಷ್ಟು ಸಲ ಕನಸು ಕಂಡಿದ್ದೆ! ಈಗ ಕೇಳ್ತಿದ್ದಾಳೆ, ನಾನು ನೋಡ್ತೀನಿ ಕಣೇ ಅಂತ ಹೇಳಿ ಬೇಗ ಫೋನ್ ಇಟ್ಬಿಟ್ಟೆ.

ಅವತ್ತು ನಮ್ಮೆಜಮಾನ್ರು ರಮಾಕಾಂತ್ ಹತ್ರ ಬಾಯಿಬಿಟ್ಟೆ. ಮೊದಲು ಅವರು ಜೋರಾಗಿ ನಕ್ರು. "ಕೋಟಿಗಟ್ಟಲೆ ಜನ ವೋಟ್ ಹಾಕಿದ್ದಾರೆ ಮಾರಾಯ್ತಿ. ನಿನ್ನ ಹನ್ನೊಂದು ಕಾಯಿಗೆ ಅಮೆರಿಕ ಅಲ್ಲಾಡತ್ತಾ?" ಆಮೇಲೆ ನನ್ನ ಮುಖ ನೋಡಿದ್ರು. "ತಮಾಷೆಗೆ ತಾನೇ ಅಂದಿದ್ದು?"

"ಇಲ್ಲ. ನಿಜವಾಗ್ಲೂ ಕೇಳ್ಕೊಂಡೆ."

"ಅವನು ನನ್ನ ತಮ್ಮ ಕಣೇ ಮಾಲವಿಕಾ" ಅಂದ್ರು. ಅಷ್ಟೇ. ಬೈದಿದ್ರೆ ತಿರುಗಿ ಬೈದು ಹಗುರ ಆಗ್ತಿದ್ದೆ.

ಗೆಲ್ಲಿಸಿದ್ದು ನಾನಲ್ಲ, ಅಷ್ಟು ಬುದ್ಧಿ ನನಗೂ ಇದೆ. ಆದ್ರೆ ಬೇಡ್ಕೊಂಡಿದ್ದು ನಾನೇ ಅಲ್ವಾ? ಒಂದು ಪುಟ್ಟ ಮಗುವಿನ ಮನೆ ಕೆಡ್ಲಿ ಅಂತ, ಮಡಿಯುಟ್ಟು, ದೇವರ ಮುಂದೆ! ಹರಕೆ ತೀರಿಸಿದ್ರೆ ಅವರು ಬೀದಿಗೆ ಬಿದ್ದಿದ್ದಕ್ಕೆ ಥ್ಯಾಂಕ್ಸ್ ಹೇಳ್ದಂಗೆ. ತೀರಿಸದಿದ್ರೆ, ಆ ಗಣಪ ನಾಳೆ ನಮ್ಮ ಪ್ರಥಮ್ ಕಡೆ ತಿರುಗಿದ್ರೆ? ನನ್ನ ಮಗನ ವಿಷಯಕ್ಕೆ ಬಂದಾಗ ನಾನು ಶುದ್ಧ ಪುಕ್ಕಲಿ. ಶನಿವಾರ ಬೆಳಗ್ಗೆ ಇಂಡಿಯನ್ ಅಂಗಡೀಲಿ ಕಾಯಿ ಅಲ್ಲಾಡಿಸಿ ಅಲ್ಲಾಡಿಸಿ ಆರಿಸ್ಕೊಂಡು, ಒಬ್ಬಳೇ ದೇವಸ್ಥಾನಕ್ಕೆ ಹೋದೆ. ಯಾರಿಗೂ ಗೊತ್ತಾಗದ ಹಾಗೆ ಒಡೆಸಿ ಬಂದ್ಬಿಡೋಣ ಅಂತ.

ಅರ್ಚಕರು ಕಾಯಿಗಳನ್ನ ತಟ್ಟೇಲಿ ಜೋಡಿಸಿದ್ರು. ಅಷ್ಟರಲ್ಲಿ ಫೋನ್ ಬಂತು, ನಿಹಾರಿಕಾ ವಿಡಿಯೋ ಕಾಲ್. ಕಟ್ ಮಾಡೋಕೆ ಹೋಗಿ ಗಡಿಬಿಡೀಲಿ ಒತ್ತಿಬಿಟ್ಟೆ. ಸೀರೆ, ಹೂವು, ತಟ್ಟೆ ತುಂಬ ಕಾಯಿ, ಎಲ್ಲಾ ಅವಳಿಗೆ ಕಾಣಿಸ್ತು.

"ಯಾರ ಹೆಸರಲ್ಲಿ ಸಂಕಲ್ಪ ಅಮ್ಮಾ? ಗೋತ್ರ, ನಕ್ಷತ್ರ, ಹೆಸರು ಹೇಳಿ" ಅಂದ್ರು ಅರ್ಚಕರು.

ಏನಂತ ಹೇಳ್ಲಿ? ಯಾರ ಹೆಸರು ಹೇಳ್ಲಿ?

"ಅಕ್ಕಾ..." ಅಂದ್ಲು ನಿಹಾರಿಕಾ ಫೋನಿಂದ. "ನಮಗೋಸ್ಕರ ಹರಕೆ ಹೊತ್ಕೊಂಡ್ರಾ? ಇಷ್ಟೊಂದು ಕಾಯಿ! ನಾನು ನಿಮ್ಮನ್ನ ಎಷ್ಟು ಆಡ್ಕೊಂಡಿದ್ದೀನಿ..." ಅಳು ಬಂದು ಮಾತು ನಿಂತೋಯ್ತು. ನಾನು ಅಲ್ಲ ಅನ್ನಬಹುದಿತ್ತು. ಅನ್ನಲಿಲ್ಲ.

ಅವಳೇ ಸುಧಾರಿಸ್ಕೊಂಡು ಅರ್ಚಕರಿಗೆ ಹೇಳಿದ್ಲು. "ಕಾಶ್ಯಪ ಗೋತ್ರ. ದಿನೇಶ, ರೋಹಿಣಿ ನಕ್ಷತ್ರ. ನಿಹಾರಿಕಾ, ಸ್ವಾತಿ. ಮಗಳು ನಿಸರ್ಗ, ಪುಷ್ಯ." ಅರ್ಚಕರು ಒಂದೊಂದೇ ಹೆಸರು ಹಿಡಿದು ಮಂತ್ರ ಹೇಳಿದ್ರು. ನಾನು ಎರಡೂ ಕೈಲಿ ಫೋನ್ ಹಿಡ್ಕೊಂಡು ನಿಂತಿದ್ದೆ. ಅದರೊಳಗೆ ಅವಳು, ಪಕ್ಕದಲ್ಲಿ ನಿದ್ದೆಗಣ್ಣಿನ ನಿಸರ್ಗ, ಇಬ್ಬರೂ ಕೈ ಮುಗಿದು ಕಣ್ಣು ಮುಚ್ಚಿದ್ರು.

ಮೊದಲನೇ ಕಾಯಿ ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಯ್ತು. ಅರ್ಚಕರು ಹೋಳನ್ನ ಫೋನಿಗೆ ಕಾಣೋ ಹಾಗೆ ಎತ್ತಿ ಹಿಡಿದ್ರು. ಒಳಗೆ ಬೆಳ್ಳಗೆ ಹೂವು ಮೂಡಿತ್ತು.

"ಅಕ್ಕಾ, ಕಾಯಲ್ಲಿ ಹೂವು!" ನಿಹಾರಿಕಾ ಅಳ್ತಾನೇ ನಕ್ಕಳು. "ನೀವು ಕೇಳ್ಕೊಂಡಿದ್ದು ದೇವರಿಗೆ ಮುಟ್ಟಿದೆ ಅಕ್ಕಾ!"

"ಹೂಂ ಕಣೇ" ಅಂದೆ. "ಮುಟ್ಟಿದೆ."